ಎಡಗಡೆ ಸುಳ್ಳಾದರೆ

"ಎಡಗಡೆಯದ್ದು ಸುಳ್ಳು ಅಂತ ಆದ್ರೆ ಬಲಗಡೆಗೆ ಅದು ಹೋಗುವುದೇ ಇಲ್ಲ," ಎಂದಳು ಸುಹೈಲಾ, ಪರದೆಯ ಮೇಲಿನ, ‘ಇದೂ ಅದೂ’ ಎಂಬರ್ಥದ && ಚಿಹ್ನೆಗೆ ಪೆನ್ನು ಮುಟ್ಟಿಸಿ. "ಒಂದು ಸುಳ್ಳಾದ್ರೆ ಇಡೀ ಮಾತೇ ಸುಳ್ಳಲ್ವಾ? ಮತ್ತೆ ಉಳಿದದ್ದು ನೋಡುವುದು ಎಂತಕ್ಕೆ?"

ಕೊಲ್ಲಿ ನಾಡಿನ ರೂವಿ ಪೇಟೆಯ ಆ ಸಣ್ಣ ಕಚೇರಿಗೆ ಹೊಸದಾಗಿ ಸೇರಿದ್ದ ಆಶಿತಾ ಹುಬ್ಬುಗಂಟಿಕ್ಕಿದಳು. "ಸೋ, ರೈಟ್ ಸೈಡ್‌ನಲ್ಲಿ ಫಂಕ್ಷನ್ ಇದ್ರೆ ಅದು ರನ್ನೇ ಆಗಲ್ವಾ?"

"ಆಗುವುದಿಲ್ಲ."

ಹೇಳಿದವಳ ಪೆನ್ನು ಅಲ್ಲೇ ನಿಂತಿತು. ಗಾಳಿ ಕೆಟ್ಟಾಗ ಎಚ್ಚರಿಸುವ ಯಂತ್ರಕ್ಕೆಂದು ತಾನೇ ಬರೆದಿದ್ದ ಸಿ ಭಾಷೆಯ ಪ್ರೋಗ್ರಾಮನ್ನು ತೆರೆದಳು. ಫ್ಯಾನ್ ಹಾಕು, ಗಂಟೆ ಹೊಡಿ. ಎರಡನ್ನೂ && ಹಾಕಿ ಒಂದೇ ಸಾಲಿನಲ್ಲಿ ಸೇರಿಸಿದ್ದಳು. ಪರೀಕ್ಷೆ ಮಾಡಿದಾಗೆಲ್ಲ ಫ್ಯಾನ್ ತಿರುಗಿತ್ತು, ಗಂಟೆಯೂ ಹೊಡೆದಿತ್ತು. ಫ್ಯಾನೇ ಕೈಕೊಟ್ಟರೆ ಎಡಗಡೆ ಸುಳ್ಳು; ಗಂಟೆಯ ತನಕ ಲೆಕ್ಕ ಹೋಗುವುದೇ ಇಲ್ಲ.

ಆ ಯಂತ್ರವನ್ನು ಬೆಳಿಗ್ಗೆಯಷ್ಟೇ ಬರ್ಕಾ ಊರಿನ ನೆಲದಡಿಯ ನೀರಿನ ಟ್ಯಾಂಕಿಗೆ ಕೂರಿಸಿದ್ದರು. ಈಗ ಕೆಲಸದವರು ಒಳಗಿಳಿದು ಪೇಂಟು ಬಳಿಯುತ್ತಿದ್ದರು; ಅದರ ವಾಸನೆ ತುಂಬಿದರೆ ಉಸಿರು ಕಟ್ಟುತ್ತದೆ.

ಸುಹೈಲಾ ತಪ್ಪನ್ನು ವಿವರಿಸಿದ್ದನ್ನು ಕೇಳಿಸಿಕೊಂಡು ಮ್ಯಾನೇಜರ್ ಕೆಂಪಣ್ಣ ಬಾಗಿಲು ಮುಂದಕ್ಕೆಳೆದರು. "ಫ್ಯಾನ್ ಹೊಸದು ಕಣಮ್ಮ. ಸಾಯಂಕಾಲ ಅವರು ಮೇಲೆ ಬಂದ್ಮೇಲೆ ನಾವೇ ಹೋಗಿ ಸರಿಮಾಡೋಣ. ಈಗ ಕೆಲಸ ನಿಲ್ಸಿದ್ರೆ ಕಾಂಟ್ರಾಕ್ಟೇ ಖಲಾಸ್."

"ಒಳಗೆ ಜನ ಇದ್ದಾರೆ ಸರ್."

"ತಪ್ಪು ನಿನ್ನ ತಲೆ ಮೇಲೇ ಬರುತ್ತೆ. ನಿನ್ನ ವೀಸಾ?"

ಸುಹೈಲಾ ಆಗಲೇ ನಂಬರು ಒತ್ತಿದ್ದಳು. ಟ್ಯಾಂಕಿನ ಕೆಲಸದ ಮೇಸ್ತ್ರಿ ಮಹ್ರೂಫ್, ಉಳ್ಳಾಲದವನು. ಫೋನ್ ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಒತ್ತಿದಳು. ಈ ಸಲ ಮಹ್ರೂಫ್ ಎತ್ತಿದ.

"ಎಂತ ಮೇಡಂ?"

"ಎಲ್ಲರನ್ನೂ ಮೇಲೆ ಹತ್ತಿಸಿ. ಈಗಲೇ."

"ಅಲ್ಲ, ಗಂಟೆ ಹೊಡೀಲಿಲ್ಲಲ್ಲ?"

"ಆ ಗಂಟೆಯನ್ನು ನಂಬಬೇಡಿ ಮಹ್ರೂಫ್‌ಚ್ಚಾ. ಅದನ್ನು ಬರೆದದ್ದು ನಾನು. ತಪ್ಪಿದೆ."

ಆ ಕಡೆ "ಯಲ್ಲಾ, ಊಪರ್ ಆವೋ!" ಎಂಬ ಕೂಗು, ಕಬ್ಬಿಣದ ಏಣಿಯ ಸದ್ದು, ಗೊಣಗಾಟ. ಕೆಂಪಣ್ಣ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಎಲ್ಲ ಬಂದ್ರು. ಯಾರಿಗೂ ಎಂತ ಆಗ್ಲಿಲ್ಲ. ಸುಮ್ಮನೆ ಕೆಲಸ ಕೆಡಿಸಿದ್ರಿ ನೀವು," ಎಂದ ಮಹ್ರೂಫ್.

ಸುಹೈಲಾ ಉಸಿರು ಬಿಟ್ಟಳು. "ಒಂದು ಉಪಕಾರ ಮಾಡಿ. ಫ್ಯಾನಿನ ವಯರು ಕಿತ್ತು, ಪೇಂಟಿನ ತಿನ್ನರ್ ನೆನೆಸಿದ ಬಟ್ಟೆಯನ್ನು ಯಂತ್ರದ ಮೂತಿಗೆ ಹಿಡೀರಿ."

ಅವಳು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಆಶಿತಾ ಹತ್ತಿರ ಬಂದಳು. ಜನರೇಟರಿನ ಗುಡುಗುಡು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಹಿಡಿದಿದ್ದೀರಾ?"

"ಹಿಡಿದೇ ಇದ್ದೇನೆ," ಎಂದ ಮಹ್ರೂಫ್. ಅವನ ದನಿ ಇಳಿದಿತ್ತು.

ಕೆಂಪಣ್ಣ ಮೆಲ್ಲಗೆ ಬಂದು ಫೋನಿನ ಮೇಲೆ ಬಾಗಿದರು. ಆ ಕಡೆ ಯಾರೋ ಕೆಮ್ಮಿದರು. ಇನ್ಯಾರೋ ಕುಡಿಯಲು ನೀರು ಕೇಳಿದರು. ಗಂಟೆ ಹೊಡೆಯಲೇ ಇಲ್ಲ.