ಬಚ್ಚಲುಮನೆಯ ಬೂಷ್ಟು, ಕರಡಿಯ ಕಂಬಳಿ

ಬಚ್ಚಲುಮನೆಯ ಮೂಲೆಯಲ್ಲಿ ಕಪ್ಪು ಚುಕ್ಕಿಗಳು ಮೊದಲು ಕಂಡಾಗ ಹೊಲಿಗೆಯಮ್ಮ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹಳೇ ಬ್ರಷ್ಷಿನಿಂದ ಉಜ್ಜಿ, ನೀರು ಸುರಿದು, ಮತ್ತೆ ಮಿಷನ್ನಿನ ಮುಂದೆ ಕೂತಳು. ಕೆಲವೇ ದಿನಗಳಲ್ಲಿ ಚುಕ್ಕಿಗಳು ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ವಾಪಸ್ಸು ಬಂದವು. ಟೈಲ್ಸಿನ ಸಂದುಗಳಲ್ಲಿ, ಶವರ್ ಪರದೆಯ ಅಂಚಿನಲ್ಲಿ, ಚಾವಣಿಯ ಸುಣ್ಣದ ಮೇಲೂ ಬೂಷ್ಟು.

ಬೇರೆ ಕಾಲವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದಳೇನೋ. ಆದರೆ ರಜೆಗೆ ಮೊಮ್ಮಗಳು ಬರುವವಳಿದ್ದಳು. ಮನೆಮಂದಿ ಗುಬ್ಬಿ ಎಂದು ಕರೆಯುವ ಆ ಮಗುವಿಗೆ ಉಬ್ಬಸ. ಬೂಷ್ಟಿನ ವಾಸನೆ ತಾಕಿದರೆ ಸಾಕು, ಎದೆ ಗೊರಗೊರ ಅನ್ನುತ್ತದೆ, ಸ್ವಲ್ಪ ನೋಡಿಕೋ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು.

ಹೊಲಿಗೆಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಒಂದು ದಿನ ವಿನಿಗರ್ ಸಿಂಪಡಿಸಿ ಉಜ್ಜಿದಳು. ಅದಕ್ಕೆ ಜಗ್ಗದಿದ್ದಾಗ ಇನ್ನೊಂದು ದಿನ, ವಿನಿಗರಿಗೆ ಬ್ಲೀಚಿಂಗ್ ಪೌಡರ್ ಬೆರೆಯಬಾರದೆಂಬ ಎಚ್ಚರದಲ್ಲಿ ಗೋಡೆ ತೊಳೆದೊಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ಲೀಚಿಂಗ್ ನೀರು ಬಳಿದಳು. ಗೋಡೆ ಬೆಳ್ಳಗಾಯಿತು, ಮನಸ್ಸು ಹಗುರಾಯಿತು, ಬೂಷ್ಟು ಮತ್ತೆ ಬಂತು. ಕೊಳಾಯಿ ರಿಪೇರಿಯವನನ್ನು ಕರೆಸಿದಳು. ಅವನು ಗೋಡೆಗೆಲ್ಲ ಕಿವಿಯಿಟ್ಟು ನೋಡಿ, ಎಲ್ಲೂ ಸೋರಿಕೆ ಇಲ್ಲ, ಒಳಗಿನ ಹಬೆಗೆ ಹೋಗಲು ದಾರಿಯಿಲ್ಲ ಅಷ್ಟೇ, ಕಿಟಕಿ ತೆರೆದಿಡಿ ಎಂದು ಹೇಳಿಹೋದ.

ಕಿಟಕಿಯನ್ನು ಅವಳು ದಿನಾ ತೆರೆದೇ ಇಡುತ್ತಿದ್ದಳು. ಮುಚ್ಚುತ್ತಿದ್ದವನು ಗಂಡ.

ಗಂಡನದು ಬೀಗ ರಿಪೇರಿ ಕೆಲಸ. ಎಂಥ ಮೊಂಡು ಬೀಗವೂ ಅವನ ಕೈಯಲ್ಲಿ ಬಾಯಿಬಿಡುತ್ತಿತ್ತು. ಅವನ ಬಾಯಿ ಮಾತ್ರ ಕಷ್ಟ. ಚಿಕ್ಕಂದಿನಿಂದ ಉಗ್ಗು. ಮದುವೆಯಾದಂದಿನಿಂದ ಅವನ ಪಾಲಿನ ಮಾತನ್ನೂ ಅವಳೇ ಆಡುತ್ತ ಬಂದಿದ್ದಳು. ಅವನು 'ಸ' ಅಂದರೆ ಸಕ್ಕರೆಯೋ ಸ್ಕ್ರೂ ಡ್ರೈವರೋ ಎಂದು ಮುಖ ನೋಡಿಯೇ ಊಹಿಸಿ ಪೂರ್ತಿ ಮಾಡುವಳು. ಊಹೆ ತಪ್ಪಿದ್ದು ಅಪರೂಪ.

ಇಂಥವನು ಈಚೆಗೆ ಮಧ್ಯಾಹ್ನ ತನ್ನ ಬೀಗದಂಗಡಿಯಿಂದ ಬಂದವನೇ ಕಿಟಕಿ ಬಾಗಿಲು ಭದ್ರ ಮಾಡಿ, ಬಿಸಿನೀರಿನ ಶವರ್ ಬಿಟ್ಟುಕೊಂಡು ಗಂಟೆಗಟ್ಟಲೆ ಒಳಗಿರುತ್ತಿದ್ದ. ಹೊರಬಂದಾಗ ಹಿಂದೆಯೇ ಹಬೆ ದಟ್ಟವಾಗಿ ನುಗ್ಗಿ ಬರುತ್ತಿತ್ತು. ಯಾಕೆ ಇಷ್ಟು ಹೊತ್ತು ಎಂದರೆ ಬೆನ್ನುನೋವು ಎಂದು ಬೆನ್ನು ತೋರಿಸುತ್ತಿದ್ದ. ಬೈದರೆ ತಲೆಯಾಡಿಸುತ್ತಿದ್ದ. ಮರುದಿನ ಮತ್ತೆ ಅದೇ ಕತೆ.

ಒಂದು ಮಧ್ಯಾಹ್ನ ಗಂಡ ಬಚ್ಚಲು ಸೇರಿದ್ದಾಗಲೇ ಅವಳು ಬೂಷ್ಟು ಹಿಡಿದ ಪರದೆ, ಕಾಲೊರೆಸು, ಟವೆಲುಗಳನ್ನೆಲ್ಲ ಹಿತ್ತಲಿನ ನಲ್ಲಿಯಲ್ಲಿ ಒಗೆಯಲು ಕೂತಳು. ಸಿಟ್ಟಿನಲ್ಲಿ ಒಗೆದದ್ದರಿಂದ ನೀರಿನ ಮೇಲೆ ಹಿಡಿತವಿರಲಿಲ್ಲ, ಟ್ಯಾಂಕು ಬರಿದಾಯಿತು. ಗಂಡ ಮೈಗೆಲ್ಲ ಸೋಪು ಹಚ್ಚಿಕೊಂಡು ಕಕ್ಕಾಬಿಕ್ಕಿಯಾಗಿರುತ್ತಾನೆ ಎಂದುಕೊಂಡು, ಬಿಂದಿಗೆಯಲ್ಲಿ ಉಳಿದ ನೀರು ಹಿಡಿದು ಬಚ್ಚಲ ಬಾಗಿಲಿಗೆ ಬಂದಳು. ಶವರಿನ ಸದ್ದಿರಲಿಲ್ಲ. ಒಳಗಿನಿಂದ ಅವನ ದನಿ ಕೇಳುತ್ತಿತ್ತು.

"ಕ… ಕ… ಕರಡಿಯ ಕ… ಕಂ…"

ಗುಬ್ಬಿ ಹೋದ ಸಲ ಬಿಟ್ಟುಹೋಗಿದ್ದ ಕತೆ ಪುಸ್ತಕ ಅದು. ಕರಡಿಯ ಕಂಬಳಿ ಕಳೆದುಹೋದ ಕತೆ. ಯಾವ ಪುಣ್ಯಾತ್ಮ ಬರೆದನೋ, ಪುಟದ ತುಂಬ 'ಕ'. ಈ ಸಲ ಇದನ್ನು ತಾತನೇ ಓದಬೇಕು, ಅಜ್ಜಿ ಬೇಡ ಎಂದು ಮಗು ಫೋನಿನಲ್ಲಿ ಹಟ ಹಿಡಿದಿತ್ತು. ಅವನು ಹೂಂ ಎಂದಿದ್ದ. ಬರೀ ಬಾಯಿಮಾತಿಗೆ ಅಂದಿದ್ದಾನೆ, ಕೊನೆಗೆ ತಾನೇ ಓದುವುದು ಇದ್ದೇ ಇದೆ ಎಂದು ಹೊಲಿಗೆಯಮ್ಮ ಅದನ್ನು ಮರೆತೂ ಬಿಟ್ಟಿದ್ದಳು.

"ಕಂ… ಕಂ…" ಒಳಗೆ ಅವನು ಒದ್ದಾಡುತ್ತಿದ್ದ. ಕಂಬಳಿ ಎಂಬ ಪದ ಅವಳ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡಳು. ಬಿಂದಿಗೆ ಸೊಂಟ ಕೊರೆಯುತ್ತಿದ್ದರೂ ಅಲುಗಾಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ, "ಕಂಬಳಿ," ಎಂದ ಅವನು. ಎಂದೋ ತುಕ್ಕು ಹಿಡಿದ ಬೀಗ ತೆರೆದವನಂತೆ ಉಸಿರುಬಿಟ್ಟ.

ಆಗ ಅವಳಿಗೆ ಹೊಳೆಯಿತು. ಅವನಿಗೆ ನೀರಿನ ಸದ್ದು ಬೇಕಾಗಿದ್ದದ್ದು ನೆರೆಯವರ ಕಿವಿಗೆ ಬೀಳದಿರಲೆಂದಲ್ಲ, ಹೆಂಡತಿಯ ಕಿವಿಗೆ ಬೀಳದಿರಲೆಂದು. ಕೇಳಿದ್ದರೆ ಅವನ ಪದವನ್ನು ತಾನೇ ಪೂರ್ತಿ ಮಾಡಿಬಿಡುತ್ತಿದ್ದಳು. ಪ್ರೀತಿಯಿಂದಲೇ, ಆದರೂ.

ಅವನು ಬಾಗಿಲು ತೆರೆದಾಗ ಅಂಗಿ ಪಂಚೆಯಲ್ಲೇ ಇದ್ದ. ಮುಖ ಕೆಂಪಾಯಿತು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಚಾವಣಿಯ ಕಡೆ ಕೈ ತೋರಿಸಿ, ಈ ಹಬೆಯಿಂದಲೇ ಬೂಷ್ಟು, ಈ ಬೂಷ್ಟಿನಿಂದಲೇ ಗುಬ್ಬಿಗೆ ಉಬ್ಬಸ ಎಂದು ಮೆಲ್ಲಗೆ ತಿಳಿಸಿದಳು. ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ತಿರುಗಿ ಹೋಗಿ ಕಿಟಕಿ ತೆರೆದ.

"ಒಳಗೆ ಮಲಗೋ ಕೋಣೇಲಿ ಕೂತು ಓದ್ರಿ," ಎಂದಳು. "ನಾನು ಮಿಷನ್ ತುಳೀತಾ ಇರ್ತೀನಿ, ಒಂದಕ್ಷರ ಕೇಳಿಸಲ್ಲ. ಕೇಳಿಸಿದ್ರೂ ಬಾಯಿ ಬಿಡಲ್ಲ."

ಅವತ್ತಿನಿಂದ ಬಚ್ಚಲು ಇಬ್ಬರ ಕೆಲಸವಾಯಿತು. ಅವನು ಬೀಗದ ಸಣ್ಣ ಸಲಕರಣೆಗಳನ್ನು ತಂದು, ಮೂಲೆಗಳಲ್ಲಿ ಕಪ್ಪು ಇಳಿದುಹೋಗಿದ್ದ, ಸಂದು ಮುಚ್ಚುವ ಹಳೇ ರಬ್ಬರ್ ಅಂಟನ್ನು ಮಂಡಿಯೂರಿ ಕೆರೆದು ತೆಗೆದ; ಒಣಗಲು ಬಿಟ್ಟು ಹೊಸದನ್ನು ತುಂಬಿದ. ಅವಳು ಪರದೆಯನ್ನು ನೆಲಕ್ಕೆ ತಾಗದಂತೆ ಮಡಚಿ ಹೊಲಿದಳು. ಸ್ನಾನವಾದ ಮೇಲೆ ವೈಪರಿನಿಂದ ಗೋಡೆಯ ನೀರು ಎಳೆಯುವುದು, ಒದ್ದೆ ಟವೆಲು ಬಿಸಿಲಿಗೆ, ಕಿಟಕಿ ಸದಾ ತೆರೆದು. ಮರೆತವರ ಕಡೆ ಇನ್ನೊಬ್ಬರು ಕೆಮ್ಮಿ ನೆನಪಿಸುವುದು. ಹೊಲಿಗೆಯಮ್ಮನೇ ಹೆಚ್ಚು ಸಲ ಕೆಮ್ಮಿಸಿಕೊಂಡಳು.

ಗುಬ್ಬಿ ಬರುವ ಹೊತ್ತಿಗೆ ಬಚ್ಚಲಲ್ಲಿ ಬೂಷ್ಟಿನ ವಾಸನೆ ಹೋಗಿ ಬರೀ ಸೋಪಿನ ವಾಸನೆ ಉಳಿದಿತ್ತು. ಮಗು ನೀರಾಡಿ, ತಲೆ ಒರೆಸಿಕೊಂಡು, ಪುಸ್ತಕ ಹಿಡಿದು ಸೀದಾ ತಾತನ ಮಂಚ ಹತ್ತಿತು. ಉಸಿರು ಸಲೀಸಾಗಿತ್ತು. ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ ಹೊಲಿಗೆಯಮ್ಮನ ಉಸಿರೇ ಬಿಗಿಯಾಗಿತ್ತು.

ಮೊದಲ ಸಾಲು ದಾಟಿತು. ಎರಡನೆಯದರಲ್ಲಿ ಅವನು ಸಿಕ್ಕಿಬಿದ್ದ. ಗುಬ್ಬಿ ಅವನ ಬಾಯನ್ನೇ ನೋಡಿತು.

"ನಿಧಾನ ಓದು ತಾತ," ಎಂದಿತು. "ನಂಗೆ ರಜ ಇದೆ."

ಅವನು ನಿಧಾನವಾಗಿಯೇ ಓದಿದ. ಕರಡಿ ಕಾಡೆಲ್ಲ ಹುಡುಕಿ ಕಣಿವೆಗೆ ಇಳಿಯುವಷ್ಟರಲ್ಲಿ ಮಗು ನಿದ್ದೆಹೋಗಿತ್ತು. ಹೊಲಿಗೆಯಮ್ಮ ಪುಸ್ತಕ ಎತ್ತಿಡಲು ಹೋದಾಗ ಅವನು ಅವಳ ಕೈ ಹಿಡಿದು ಮಂಚದ ಅಂಚು ತೋರಿಸಿದ.

"ಕೂ… ಕೂತ್ಕೋ. ಕ… ಕತೆ ಇನ್ನೂ ಮುಗಿದಿಲ್ಲ."

ಅವಳು ಮಗುವಿನ ಕಾಲನ್ನು ಮೆಲ್ಲಗೆ ಸರಿಸಿ ಕೂತಳು.