ಬರೆದದ್ದನ್ನು ಓದಲಾಗದೆ

ಕನ್ನಡಕದ ಕಡ್ಡಿಯನ್ನು ತೀರಿಕೊಂಡ ಅಕ್ಕನ ಕಿವಿಯ ಹಿಂದೆ ಸಿಕ್ಕಿಸಲು ಹೋಗಿ ತಂಗಿಯ ಕೈ ಜಾರಿತು.

"ಹಾಕಮ್ಮಾ, ಹಾಕು," ಎಂದರು ಮಂಚದ ಬಳಿ ನಿಂತಿದ್ದ ಹೆಡ್‌ಮಿಸ್. "ಕನ್ನಡಕ ಇಲ್ದೆ ನಮ್ಮ ಟೀಚರ್ ಅಂತಾನೇ ಅನ್ನಿಸ್ತಿಲ್ಲ. ಮೊನ್ನೆವರೆಗೂ ಇದನ್ನ ಏರಿಸ್ಕೊಂಡೇ ಒಂದನೇ ಕ್ಲಾಸಿಗೆ ಪಾಠ ಓದಿ ಹೇಳ್ತಿದ್ರಲ್ಲ."

"ಹೂಂ," ಎಂದಳು ತಂಗಿ. ಹೋದ ವರ್ಷದಿಂದ ಆ ಕನ್ನಡಕ ಅಕ್ಕನ ಮೂಗಿನ ಮೇಲೆ ಬರೀ ತೋರಿಕೆಗೆ ಕೂತಿತ್ತು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಅದು ತಂಗಿಯೊಬ್ಬಳಿಗೇ ಗೊತ್ತು.

ಹಾಲ್‌ನಲ್ಲಿ ಪಕ್ಕದ ಮನೆಗಳಿಂದ ತಂದ ಕುರ್ಚಿಗಳೆಲ್ಲ ತುಂಬಿದ್ದವು. ಅಕ್ಕ ಆಸ್ಪತ್ರೆ ಸೇರಿದ್ದರಿಂದ ಅವಳ ಕ್ಲಾಸಿಗೆ ನಿನ್ನೆಯಷ್ಟೇ ಹೋಗಿದ್ದ ಹೊಸ ಟೀಚರ್, ಪಕ್ಕದಲ್ಲಿ ಕೂತಿದ್ದ ಬೀಗ ರಿಪೇರಿಯವನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಅವನ ಮಗಳೂ ಅದೇ ಕ್ಲಾಸು. ಮುಂದಿನ ಹಲ್ಲು ಬಿದ್ದು ಮಾತೆಲ್ಲ ಸಿಳ್ಳೆ ಹೊಡೆಯುತ್ತಿದ್ದರಿಂದ ಅವಳನ್ನು ಎಲ್ಲರೂ ಕರೆಯುವುದು ಸೀಟಿ ಎಂದೇ.

"ಪುಸ್ತಕ ತೆಗೀರಿ ಅಂದೆ, ಅರ್ಧ ಮಕ್ಕಳು ತೆಗೀಲೇ ಇಲ್ಲ ನೋಡಿ," ಎಂದಳು ಹೊಸ ಟೀಚರ್. "ಪಾಠ ಪೂರ್ತಿ ಗಡಗಡ ಅಂತ ಒಪ್ಪಿಸಿಬಿಟ್ರು."

"ನಮ್ಮ ಸೀಟಿ ಪುಸ್ತಕಾನ ತಲೆಕೆಳಗಾಗಿ ಹಿಡ್ಕೊಂಡು ಓದ್ತಾಳೆ ಮೇಡಂ. ಓದ್ತಾಳೋ, ಇಲ್ಲಾ ನನ್ನ ಕಿವಿ ಮೇಲೆ ಹೂ ಇಡ್ತಾಳೋ!"

"ಸೋಮವಾರ ಒಬ್ಬೊಬ್ಬರನ್ನೇ ಕರೆದು ಬೇರೆ ಪುಸ್ತಕ ಕೊಡ್ತೀನಿ. ಬಣ್ಣ ಬಯಲಾಗುತ್ತೆ."

ಬಾಗಿಲಲ್ಲಿ ನಿಂತಿದ್ದ ತಂಗಿಗೆ ಅದಷ್ಟೂ ಕೇಳಿಸಿತು.

*

ಹೋದ ವರ್ಷ ಒಂದು ಬೆಳಿಗ್ಗೆ ಅಕ್ಕ ತಲೆನೋವೆಂದು ತಡವಾಗಿ ಎದ್ದು, ಪೇಪರ್ ಕೈಗೆತ್ತಿಕೊಂಡು ನಕ್ಕುಬಿಟ್ಟಿದ್ದಳು. "ಇದ್ಯಾವ ಭಾಷೆ ಪೇಪರ್ ತರಿಸ್ತಿದೀಯೇ?"

ಮಿದುಳಿನಲ್ಲಿ ಎಲ್ಲೋ ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮಾತು ಸರಿಯಿತ್ತು, ನಡಿಗೆ ಸರಿಯಿತ್ತು. ಒಂದು ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದಾಗ ಅಕ್ಕ ಅಚ್ಚುಕಟ್ಟಾಗಿ ಬರೆದಳು: ನನಗೆ ಏನೂ ಆಗಿಲ್ಲ. ಓದಿ ಎಂದಾಗ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ತಾನೇ ಬರೆದದ್ದು ಅವಳಿಗೆ ಓದಲಾಗಲಿಲ್ಲ.

ಆಟೋ ಇಳಿದು ಮನೆಯ ಮೆಟ್ಟಿಲ ಮೇಲೆ ಅಕ್ಕ ಹೇಳಿದಳು. "ಈಗ ಗೊತ್ತಾಯ್ತು ಕಣೇ, ಮೊದಲನೇ ದಿನ ಆ ಮಕ್ಕಳಿಗೆ ಹೇಗೆ ಕಾಣುತ್ತೆ ಅಂತ. ಬರೀ ಹುಳ. ಸಾಲಾಗಿ ಹುಳ."

"ಸ್ಕೂಲಿಗೆ ಹೇಳಿಬಿಡೋಣ ಅಕ್ಕ."

"ಹೇಳಿದ್ರೆ ನಾಳೆನೇ ಮನೇಲಿ ಕೂರಿಸ್ತಾರೆ. ಈ ಸಲದ ಮಕ್ಕಳಿಗೆ ಓದು ಕಲಿಸ್ಬಿಡ್ತೀನಿ. ಆಮೇಲೆ ನೀನು ಹೇಳ್ದಂಗೆ."

ಅಂದಿನಿಂದ ತಂಗಿ ರೈಲ್ವೆ ಟಿಕೆಟ್ ಕೌಂಟರಿಗೆ ಹೊರಡುವ ಮೊದಲು ಅಕ್ಕನಿಗೆ ಅಂದಿನ ಪಾಠ ಓದಿ ಹೇಳುತ್ತಿದ್ದಳು. ಯಾವ ಸಾಲು ಎಲ್ಲಿದೆ, ಯಾವ ಚಿತ್ರದ ಕೆಳಗೆ ಯಾವ ಪದ ಇದೆ ಎಂದು ಅಕ್ಕ ಕಣ್ಣು ಮುಚ್ಚಿ ನೆನಪಿಟ್ಟುಕೊಳ್ಳುತ್ತಿದ್ದಳು. ಬೋರ್ಡಿನ ಮೇಲೆ ಬರೆಯಲು ತೊಂದರೆಯಿರಲಿಲ್ಲ. ಮಕ್ಕಳ ಸ್ಲೇಟು ತಿದ್ದುವಾಗ ಮಾತ್ರ ಪ್ರತಿ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತಿತ್ತು. ನೋಡಿದವರು ಟೀಚರಿಗೆ ಎಷ್ಟು ತಾಳ್ಮೆ ಎಂದುಕೊಂಡರು.

*

ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಹೆಡ್‌ಮಿಸ್ ಗಂಟಲು ಸರಿಮಾಡಿಕೊಂಡರು.

"ಇವರ ಕೈಲಿ ಕಲಿತ ಒಂದು ಮಗೂನೂ ಓದು ಬರದೆ ಎರಡನೇ ಕ್ಲಾಸಿಗೆ ಹೋಗಿಲ್ಲ. ಈ ಮಾತು ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ."

ಹೊಸ ಟೀಚರ್ ತಲೆ ತಗ್ಗಿಸಿ ಚಪ್ಪಲಿಯ ತುದಿ ನೋಡುತ್ತಿದ್ದಳು. ತಂಗಿ ಅವಳನ್ನೇ ನೋಡಿದಳು. ಸೋಮವಾರ ಆ ಮಾತು ಸುಳ್ಳಾದರೆ? ಅಷ್ಟು ಮಕ್ಕಳ ಒಂದಿಡೀ ವರ್ಷ ಹಾಳಾಗಿದ್ದರೆ, ಬಾಯಿ ಮುಚ್ಚಿಕೊಂಡಿದ್ದ ತನಗೂ ಅದರಲ್ಲಿ ಪಾಲಿಲ್ಲವೇ? ಮಣ್ಣು ಹಾಕಲು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಬೀಗ ರಿಪೇರಿಯವನು ಮೆಲ್ಲಗೆ ಮೊಣಕೈ ಮುಟ್ಟಿ, "ಅಕ್ಕಾ, ನೀವೇ ಮೊದಲು," ಎಂದ.

*

ತಿಂಗಳ ಹಿಂದೆ ಅಕ್ಕ ತಂಗಿಯರಿಬ್ಬರಿಗೂ ಜಗಳವಾಗಿತ್ತು.

"ಸಾಕು ಬಿಡು ಅಕ್ಕ. ನಿನ್ನ ಹಾಗೇ ಆ ಮಕ್ಕಳೂ ಬಾಯಿಪಾಠ ಮಾಡ್ಕೊಂಡು ಕೂತಿದ್ರೆ ಏನು ಗತಿ?"

ಅಕ್ಕ ಸಿಟ್ಟಾಗುತ್ತಾಳೆಂದುಕೊಂಡಿದ್ದಳು. ಅಕ್ಕ ಸಿಟ್ಟಾಗಲಿಲ್ಲ, ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟಳು.

"ಅದೇ ನನಗೂ ಹೆದರಿಕೆ," ಎಂದಳು. "ಅವು ಓದ್ತವೆ, ನಾನು ಕೇಳ್ತೀನಿ. ಸರೀಗಿದೆ ಅನ್ಸುತ್ತೆ. ಆದ್ರೆ ಪುಟ ನೋಡಿ ಓದ್ತಿದಾವೋ, ನನ್ನ ಬಾಯಿ ನೋಡಿ ಓದ್ತಿದಾವೋ, ಹೇಗೆ ಹೇಳ್ಲಿ? ಒಂದಿನ ನೀನೇ ಬಂದು ಕೂತು ನೋಡ್ತೀಯಾ?"

ತಂಗಿ ಬರುತ್ತೇನೆಂದಿದ್ದಳು. ರಜೆ ಸಿಕ್ಕಿರಲಿಲ್ಲ.

*

ಸ್ಮಶಾನದಿಂದ ವಾಪಸು ಬರುವಾಗ ಸ್ಕೂಲ್ ಬಸ್ಸಿನಲ್ಲಿ ತಂಗಿಗೆ ಸಿಕ್ಕಿದ್ದು ಸೀಟಿಯ ಪಕ್ಕದ ಜಾಗ. ಹಿಂದಿನ ಸೀಟಿನಲ್ಲಿ ಬೀಗ ರಿಪೇರಿಯವನು ತೂಕಡಿಸುತ್ತಿದ್ದ. ಸೀಟಿ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಅವಳನ್ನು ಮಾತಾಡಿಸಲು ತಂಗಿಗೆ ಧೈರ್ಯವಾಗಲಿಲ್ಲ. ಏನಾದರೂ ಓದಲು ಹೇಳಿ, ಅದಕ್ಕೆ ಈ ಮಗು ತಡವರಿಸಿದರೆ ಅಲ್ಲಿಗೆ ಎಲ್ಲ ಮುಗಿದಂತೆ.

ಸೇತುವೆಯ ಮುಂದೆ ಬಸ್ಸು ನಿಂತಿತು. ಸಾಲುಗಟ್ಟಿದ ಲಾರಿಗಳ ಪಕ್ಕದಲ್ಲಿ ಹಳದಿ ಬಣ್ಣದ ಹಳೇ ಬೋರ್ಡು.

"ನಿ... ಧಾ... ನವಾಗಿ," ಎಂದಳು ಸೀಟಿ ತನ್ನಷ್ಟಕ್ಕೆ. "ಚ... ಲ... ಸಿ. ಚಲಸಿ."

ಹಿಂದಿನಿಂದ ಅಪ್ಪ ಕಣ್ಣು ಬಿಡದೆಯೇ, "ಚಲಿಸಿ ಅನ್ನಮ್ಮ," ಎಂದ.

"ಇಲ್ಲಪ್ಪಾ! ಲ ಮೇಲೆ ಗುಡಿಸೇ ಇಲ್ಲ. ಚಲಸಿ ಅಂತಾನೇ ಇರೋದು!"

ತಂಗಿ ಬಗ್ಗಿ ನೋಡಿದಳು. ದಿನವೂ ಅದೇ ಸೇತುವೆ ದಾಟಿ ಕೆಲಸಕ್ಕೆ ಹೋಗುವವಳು ಅವಳು. ಒಂದು ದಿನವೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಗುಡಿಸು ಇರಲಿಲ್ಲ.

"ಮತ್ತೊಂದ್ಸಲ ಓದು ಪುಟ್ಟಾ," ಎಂದಳು.

ಸೀಟಿ ಮತ್ತೆ ಓದಿದಳು, ಸಿಳ್ಳೆಯ ಸಮೇತ. ಅಷ್ಟರಲ್ಲಿ ಮುಂದಿನ ಸೀಟಿನ ಹುಡುಗ "ಎಲ್ಲಿ, ಎಲ್ಲಿ?" ಎಂದು ಎದ್ದ. ಅವನ ಹಿಂದೆ ಇನ್ನಿಬ್ಬರು ಎದ್ದರು. ನೋಡನೋಡುತ್ತ ಬಸ್ಸಿನ ಒಂದು ಪಕ್ಕವೆಲ್ಲ ಚಲಸಿ, ಚಲಸಿ ಎಂದು ಕೂಗತೊಡಗಿತು. ಹೆಡ್‌ಮಿಸ್ "ಶ್, ಇವತ್ತು ಗಲಾಟೆ ಮಾಡಬಾರದು" ಎನ್ನುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಸ ಟೀಚರ್ ಅರ್ಧ ಎದ್ದು ನಿಂತು ಬೋರ್ಡನ್ನೇ ನೋಡುತ್ತಿದ್ದಳು.

ಸೀಟಿ ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟಳು. ಒಂದು ಕಣ್ಣು ಮುಚ್ಚಿ, ಆಚೆಯ ಬೋರ್ಡಿನ ಲ ಮೇಲೆ ಸರಿಯಾಗಿ ಕೂರುವಂತೆ ಒಂದು ಗುಡಿಸು ಬರೆದಳು. ಬಸ್ಸು ಹೊರಟಿತು. ಗುಡಿಸು ಬೋರ್ಡು ಬಿಟ್ಟು ಸೇತುವೆಯ ಕಂಬಿಗಳ ಮೇಲೆ, ನೀರಿನ ಮೇಲೆ, ಆಚೆ ದಡದ ಮನೆಗಳ ಮೇಲೆ ಸಾಗಿತು.