ಕನಸು ಕೇಳಿದ ಮರಳು

ಮಾಗಿಯ ಬೆಳಗಿನಲ್ಲಿ ನಮ್ಮ ಮನೆಯ ಹಿಂದಿನ ಕಟ್ಟೆ ಹೊಗೆಯಾಡುತ್ತದೆ. ನೀರು ಕಾಣುವುದಿಲ್ಲ. ಆ ಬಿಳುಪಿನೊಳಗಿಂದ ನೀರುಕೋಳಿ ಕೂಗಿದರಷ್ಟೇ ಕೆಳಗೆ ನೀರಿದೆ ಎಂದು ನಂಬಿಕೆ ಬರುತ್ತದೆ. ಅದು ಮಂಜೆಂದು ಊರಿಗೆಲ್ಲ ಗೊತ್ತು. ನನ್ನ ಹೆಂಡತಿ ಚಿಕ್ಕತಾಯಿ ಮಾತ್ರ ಒಮ್ಮೆ ಅದನ್ನು ಬೆಂಕಿಯ ಹೊಗೆಯೆಂದು ತಿಳಿದು ಎದೆ ಬಡಿದುಕೊಂಡು ಓಡಿದ್ದಳು.

ನಮ್ಮದು ಪುರಿ ಹುರಿಯುವ ಮನೆ. ಬಾಣಲೆಯಲ್ಲಿ ಮರಳು ಕಾಯಿಸಿ, ಅದರೊಳಗೆ ಅಕ್ಕಿ ಸುರಿದು ತಿರುವಿದರೆ ಚಟಪಟನೆ ಪುರಿ ಅರಳುತ್ತದೆ. ಒಲೆಗೆ ಭತ್ತದ ಹೊಟ್ಟು. ಮದುವೆಯಾದ ಮರುವರ್ಷ ಆ ಹೊಟ್ಟಿನ ರಾಶಿಗೆ ಕಿಡಿ ಹಾರಿತು. ಚಿಕ್ಕತಾಯಿ ಭಟ್ಟಿಯ ಮನೆಯೊಳಗಿದ್ದಳು. ಹೇಗೋ ಎಳೆದು ತಂದೆ. ಜಡೆಯ ತುದಿ ಸುಟ್ಟಿದ್ದು ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಸುಟ್ಟ ಭಟ್ಟಿಯನ್ನು ಮತ್ತೆ ಕಟ್ಟಿದೆವು. ಅವಳಿಗೆ ಮಾತ್ರ ಕಣ್ಣು ಮುಚ್ಚಿದರೆ ಬೆಂಕಿಯ ಕನಸು. ಒಲೆ ಹಚ್ಚಿದರೆ ಕೈಕಾಲು ನಡುಗಿ ಹಿತ್ತಲಿಗೆ ಓಡುವಳು.

"ಒಲೆ ಕಂಡ್ರೆ ನಡುಗೋಳು ಪುರಿಮನೇಲಿ ಹೆಂಗಪ್ಪ ಬಾಳ್ತಾಳೆ?" ಎಂದಳು ಅವ್ವ. "ಬೇಜಾರಲ್ಲಿ ಹೇಳ್ತಿಲ್ಲ ಕನ. ಉಗಾದಿಗೆ ತೌರಿಗೆ ಕಳಿಸ್ಬುಡು. ಅಲ್ಲೇ ನೆಮ್ಮದಿಯಾಗಿರ್ಲಿ."

ಹಾಗೆ ಹೋದ ಹೆಣ್ಣು ಹಿಂದಕ್ಕೆ ಬರುವುದು ಕಷ್ಟ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಹೆಚ್ಚು ಮಾತು ಬಾರದವನು. "ನೋಡಾನ ಇರು" ಎಂದಷ್ಟೇ ಹೇಳಿದೆ.

ಅವ್ವನೂ ಕಲ್ಲೆದೆಯವಳಲ್ಲ. ಒಂದು ದಿನ ಸೊಸೆಯನ್ನು ಹತ್ತಿರ ಕೂರಿಸಿಕೊಂಡು, "ಕೆಟ್ಟ ಕನಸ ಮನುಸ್ರಿಗೆ ಹೇಳ್ಬಾರ್ದು ಕನವ್ವ, ನೀರಿಗೆ ಹೇಳ್ಬೇಕು. ಬೆಳಗ್ಗೆ ಎದ್ದು ಯಾರ್ನೂ ಮಾತಾಡಿಸ್ದೆ ಹೋಗಿ ಹೇಳ್ಬುಟ್ಟು ಬಾ" ಎಂದಳು.

ಚಿಕ್ಕತಾಯಿ ಹೋದಳು, ಸ್ವಲ್ಪ ಹೊತ್ತಿಗೇ ಬಂದಳು.

"ಇಷ್ಟು ಬೇಗ ಕಾಲುವೆಗಂಟ ಹೋಗ್ಬಂದ್ಯಾ?"

"ಕಾಲುವೆ ಯಾಕತ್ತೆ? ಇಲ್ಲೇ ನಮ್ಮ ಕಟ್ಟೆಗೆ ಹೇಳ್ದೆ."

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಹೆಡ್ಡಿ! ಹರಿಯೋ ನೀರಿಗೆ ಹೇಳಿದ್ರೆ ಹೊತ್ಕೊಂಡು ಹೋಯ್ತದೆ. ನಿಂತ ನೀರು ಎಲ್ಲಿಗೆ ಹೊತ್ಕೊಂಡು ಹೋದಾತು? ನಿನ್ನ ಕನಸು ಅಲ್ಲೇ ಕುಂತಿರ್ತದೆ!"

ಚಿಕ್ಕತಾಯಿಯ ತವರು ಬೆಂಗಾಡು. ಅಲ್ಲಿ ನೀರೆಂದರೆ ನಿಂತ ನೀರೇ. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಬೆಳಕು ಹರಿಯುವಾಗ ಹಿತ್ತಲಿಂದ ಕೂಗು ಕೇಳಿಸಿತು. "ಬನ್ನೀ! ಕಟ್ಟೆ ಹತ್ಕೊಂಡದೆ!" ನಾನು ಹೋಗುವಷ್ಟರಲ್ಲಿ ಅವಳು ನೀರಿನಂಚಿನಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು.

"ಮಂಜು ಕಣೇ," ಎಂದೆ.

"ಊರ ದನವೆಲ್ಲ ಇಲ್ಲೇ ನೀರು ಕುಡೀತವೆ. ನನ್ನ ಬೆಂಕಿ ತಂದು ಇವುಗಳ ಬಾಯಿಗೆ ಇಟ್ನಲ್ಲ!"

ಬಿಸಿಲು ಬಂದು ಮಂಜು ಕರಗುವವರೆಗೂ ಅವಳು ಕದಲಲಿಲ್ಲ. ಆಮೇಲೆ ಬಗ್ಗಿ ನೀರಿಗೆ ಕೈಯಿಟ್ಟು, "ತಣ್ಣಗದೆ" ಎಂದಳು. ನಂಬಿಕೆಯಿಂದ ಹೇಳಿದ ಮಾತಲ್ಲ ಅದು.

ಅಂದಿನಿಂದ ದಿನವೂ ಕಟ್ಟೆಯ ಯೋಗಕ್ಷೇಮ ನೋಡಿ ಬರುವುದು ಅವಳ ಕೆಲಸವಾಯಿತು. ಕಾಯಿಲೆಯವರ ಹಣೆ ಮುಟ್ಟಿ ನೋಡುವ ಹಾಗೆ ನೀರು ಮುಟ್ಟಿ ನೋಡುವಳು. ಬಟ್ಟೆ ಒಗೆಯುವ ಹೆಂಗಸರು, "ಏನವ್ವ, ಕಟ್ಟೆ ಕಾಯೋಕೆ ಸಂಬಳ ಎಷ್ಟು?" ಎಂದು ಹಂಗಿಸಿದರು.

"ಸಂಬಳ ಬ್ಯಾಡ. ನೀವು ಮಾತು ಕಮ್ಮಿ ಮಾಡಿದ್ರೆ ಸಾಕು, ಮೀನು ಹೆದ್ರಿಕೊಳ್ತವೆ," ಎಂದಳು ಚಿಕ್ಕತಾಯಿ. ಅವರೂ ನಕ್ಕರು, ಇವಳೂ ನಕ್ಕಳು. ಭಟ್ಟಿ ಸುಟ್ಟ ಮೇಲೆ ಆ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಬರಬರುತ್ತಾ ಅವಳು ಮನೆಗೆ ಸುದ್ದಿ ತರತೊಡಗಿದಳು. ಮಿಂಚುಳ್ಳಿ ಮುಳುಗಿ ಬರಿಬಾಯಲ್ಲಿ ಎದ್ದು, ನಾಚಿಕೊಂಡು ಹೊಂಗೆಮರದೊಳಗೆ ಅಡಗಿತಂತೆ. ಮುದಿ ಆಮೆ ಬಿಸಿಲಿಗೆ ಬಂದು ತನ್ನ ಕಲ್ಲನ್ನೇ ಹುಡುಕಿ ಕೂರುತ್ತದಂತೆ. ಬೇರೆ ಕಲ್ಲು ಕೊಟ್ಟರೆ ಒಲ್ಲದಂತೆ. ಒಂದು ದಿನ ಕರೆಯಲು ಹೋದಾಗ, ಆಮೆಯ ಪಕ್ಕದ ಬಂಡೆಗೆ ಒರಗಿ ಅವಳೂ ನಿದ್ದೆ ಹೋಗಿದ್ದಳು. ಬೆಚ್ಚಲಿಲ್ಲ, ಕನವರಿಸಲಿಲ್ಲ. ನಾನು ಕರೆಯದೆ ಹಿಂದಿರುಗಿದೆ.

ಉಗಾದಿ ಹತ್ತಿರ ಬಂತು. ಅವ್ವ ಅವಳ ಸೀರೆಗಳನ್ನು ಮಡಿಸಿ ಗಂಟು ಕಟ್ಟಿ ಗೋಡೆಯ ಪಕ್ಕ ಇಟ್ಟಳು. ಅದೇ ಹೊತ್ತಿಗೆ ಬಾಣಲೆಯ ಮರಳು ಕಾದೂ ಕಾದೂ ಕಪ್ಪು ಹಿಟ್ಟಾಗಿತ್ತು. ಹೊಸದು ತರಲು ನಾನು ಎಂದಿನಂತೆ ಕಾಲುವೆಯ ಕಡೆ ಹೊರಟೆ. ಚಿಕ್ಕತಾಯಿ ನನ್ನ ಕೈಯಿಂದ ಮಂಕರಿ ಬುಟ್ಟಿ ಕಿತ್ತುಕೊಂಡಳು.

ಮಳೆಯ ನೀರು ಬಂದು ಕಟ್ಟೆ ಸೇರುವ ಮೂಲೆಯಲ್ಲಿ ಮರಳು ನಿಲ್ಲುತ್ತದೆ. ಅಲ್ಲಿ ಮೊಣಕಾಲುದ್ದ ನೀರಿಗಿಳಿದು, ಬಾಚಿ, ತೊಳೆದು, ಬಂಡೆಯ ಮೇಲೆ ಒಣಗಿಸಿ ತಂದಳು. ನಾನು ಒಲೆ ಹಚ್ಚಿದೆ. ಅವಳು ಓಡಲಿಲ್ಲ. ಹೊಸ್ತಿಲಲ್ಲಿ ನಿಂತು ಮರಳು ಕಾಯುವುದನ್ನೇ ನೋಡಿದಳು. ಆಮೇಲೆ ಒಳಗೆ ಬಂದು, "ಜರುಗಿ ಅತ್ತ," ಎಂದು ನನ್ನನ್ನು ಎಬ್ಬಿಸಿ ತಾನೇ ಕೂತಳು. ಸುರಿದ ಅಕ್ಕಿಯಲ್ಲಿ ಅರ್ಧ ಬಾಣಲೆಯ ಹೊರಗೆ ಬಿತ್ತು.

"ಬ್ಯಾಡ ಕನವ್ವ, ಎದ್ದೇಳು," ಎಂದಳು ಅವ್ವ.

"ಇರಿ ಅತ್ತೆ. ಇದು ನನ್ನ ಕನಸೆಲ್ಲ ಕೇಳಿಸ್ಕೊಂಡಿರೋ ಮರಳು. ಇದಕ್ಕೆ ಬೆಂಕಿ ಹೊಸದಲ್ಲ."

ಪುರಿ ಅರಳಿತು. ಅವ್ವ ಎದ್ದು ಹೋಗಿ, ಗೋಡೆಯ ಪಕ್ಕದ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಬಟ್ಟೆಯ ಹಗ್ಗಕ್ಕೆ ಹಾಕಿದಳು. ಮೊದಲ ಹಿಡಿ ಪುರಿಯನ್ನು ಚಿಕ್ಕತಾಯಿ ಕಟ್ಟೆಗೆ ಎರಚಿದಳು. ಮೀನುಗಳು ಬಾಯಿ ತೆರೆದು ಮೇಲೆ ಬಂದವು.

ಈಗಲೂ ಮಾಗಿಯ ಬೆಳಗಿನಲ್ಲಿ ಅವಳು ಭಟ್ಟಿ ಹಚ್ಚಿದಾಗ ನಾನು ಹಿತ್ತಲ ಜಗಲಿಯಲ್ಲಿ ಕೂತಿರುತ್ತೇನೆ. ಇತ್ತ ಭಟ್ಟಿಯ ಮಾಡಿನಿಂದ ಒಂದು ಹೊಗೆ, ಅತ್ತ ಕಟ್ಟೆಯಿಂದ ಒಂದು. ಹೊಂಗೆಮರದ ನೆತ್ತಿ ದಾಟುವವರೆಗೆ ಬೇರೆಬೇರೆಯಾಗಿಯೇ ಏಳುತ್ತವೆ. ಆಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ.